ದೌಂಡದ ಎಮ್ಮೆ

ಖಡಕಿಯ ಮಿಲಿಟರಿ ಲಾರಿಯ ಹಾರ್ನಿಗೆ ಬೆದರಿದ ಎಮ್ಮೆ ಹಗ್ಗ ಹರಿದುಕೊಂಡಿತು. ಪುಣೆಯ ಕೋರ್ಟಿನ ಅಂಗಳದಲ್ಲಿ ನೆರೆದಿದ್ದ ಜನ ದಿಕ್ಕಾಪಾಲಾದರು. ಅದು ನೇರ ನುಗ್ಗಿದ್ದು ಆರೋಪಿ ಏಕನಾಥರಾಯರ ಕಡೆಗೇ.

ದೂರು ಕೊಟ್ಟಿದ್ದ ಕನ್ನಡದ ಹೆಂಗಸು ರುದ್ರವ್ವ ಎರಡು ಹೆಜ್ಜೆ ಮುಂದೆ ಬಂದಳು. ಹಾಲಿನಂಗಡಿಯ ಪರವಾನಗಿ ಕೊಡಲು ಈ ಅಧಿಕಾರಿ ತನ್ನಿಂದ ಲಂಚವಾಗಿ ಕಿತ್ತುಕೊಂಡ ತನ್ನ ಎಮ್ಮೆ ನಿಂಗಿ ಅದು. ಏಕನಾಥರಾಯರಾದರೋ ಈಗಷ್ಟೇ, "ಈ ಎಮ್ಮೆ ಮಥುರಾ, ಇಲ್ಲೇ ಪುಣೆ ಹತ್ತಿರದ ದೌಂಡದ ಸಂತೆಯಲ್ಲಿ ಕೊಂಡದ್ದು. ಈ ಕಾನಡಿ ಹೆಂಗಸಿನ ಮುಖವನ್ನೇ ನಾನು ಕಂಡಿಲ್ಲ," ಎಂದು ಮರಾಠಿಯಲ್ಲಿ ಎದೆ ತಟ್ಟಿ ಹೇಳಿದ್ದರು. ಎಮ್ಮೆಯನ್ನು ಕಣ್ಣಾರೆ ನೋಡಲೆಂದೇ ಮ್ಯಾಜಿಸ್ಟ್ರೇಟರು ಅಂಗಳಕ್ಕೆ ಇಳಿದು ಬಂದಿದ್ದರು.

"ಮಥುರಾ! ಮಥುರಾ!" ಎಂದು ಕೋರ್ಟಿನ ಜವಾನ ಕೂಗಿದ. ಎಮ್ಮೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಕೊಂಬು ಎದೆಯ ಹತ್ತಿರ ಬಂದಾಗ ಏಕನಾಥರಾಯರು ಗೋಡೆಗೆ ಅಂಟಿಕೊಂಡು ಕಿರುಚಿದರು: "ನಿಂದ್ರ ನಿಂಗೀ! ನಿಂದ್ರ ನನ್ನವ್ವಾ!"

ಎಮ್ಮೆ ಗಕ್ಕನೆ ನಿಂತಿತು. ಹಾಗೆ ರಮಿಸದಿದ್ದರೆ ನಿಂಗಿ ಹಾಲು ಕರೆಯಲು ಬಿಡುವುದಿಲ್ಲವೆಂದು, ಒಪ್ಪಿಸಿದ ದಿನವೇ ಆ ಮಾತನ್ನು ಅವರಿಗೆ ಬಾಯಿಪಾಠ ಮಾಡಿಸಿದ್ದವಳು ರುದ್ರವ್ವ. ಅವಳು ಸೆರಗು ಬಿಗಿದುಕೊಂಡು, ಎಲ್ಲರಿಗೂ ಕೇಳುವಂತೆ ಕೇಳಿದಳು.

"ದೌಂಡದ ಎಮ್ಮಿಗೆ ಕನ್ನಡ ಯಾರು ಕಲಿಸ್ಯಾರ್ರೀ, ಸಾಹೇಬ್ರ?"