ಟೀಚರ್ ಕೊಟ್ಟ ಪೂರಿಯಾ

ಪೂರ್ತಿ ಕಲಿಸಿಕೊಟ್ಟ ರಾಗ ಕಲಿಸಿದವರ ಗಂಟಲಲ್ಲಿ ಉಳಿಯುವುದಿಲ್ಲ. ಅದಕ್ಕೇ ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ಒಬ್ಬೊಬ್ಬರಿಗೂ ಬೇರೆಯಾಗಿ ಪಾಠ, ಎಂ.ಎ. ಮುಗಿಯುವಷ್ಟರಲ್ಲಿ ಒಂದೇ ರಾಗ.

ಶಾಂಭವಿಯ ಸರದಿ ಬಂದಾಗ ನೀಲಾಂಬಿಕಾ ಟೀಚರ ಬಳಿ ಉಳಿದಿದ್ದವು ಎರಡೇ ರಾಗ, ದುರ್ಗಾ ಮತ್ತು ಪೂರಿಯಾ.

"ದುರ್ಗಾ ತಗೋ. ಪೂರಿಯಾ ನನಗಿರಲಿ, ಸಂಜಿ ಮುಂದ ಒಬ್ಬಾಕಿನ ಹಾಡ್ಕೋತೀನಿ," ಎಂದಿದ್ದರು ಟೀಚರ್.

ಪರೀಕ್ಷಕರಿಗೆ ಪೂರಿಯಾ ಇಷ್ಟವೆಂದು ಕೇಳಿದ್ದ ಶಾಂಭವಿ ಹಟ ಹಿಡಿದಳು. ಟೀಚರ್ ಕೊಟ್ಟರು. ದುರ್ಗಾ ಇನ್ನೊಬ್ಬಳ ಪಾಲಾಯಿತು. ಶಾಂಭವಿಗೆ ಚಿನ್ನದ ಪದಕ ಬಂತು.

ಪದಕ ತೋರಿಸಲು ಹೋದ ಸಂಜೆ ಟೀಚರ್ ತಂಬೂರಿ ಮೀಟುತ್ತಿದ್ದರು. ಹಾಡಲೆಂದು ಬಾಯಿ ತೆರೆಯುವರು, ಏನೂ ಬಾರದೆ ಮುಚ್ಚುವರು. ಶಾಂಭವಿ ಪದಕವನ್ನು ಚೀಲದಿಂದ ತೆಗೆಯಲೇ ಇಲ್ಲ.

"ಟೀಚರ್, ನಾನ ನಿಮಗ ತಿರುಗಿ ಕಲಿಸ್ತೀನ್ರಿ."

"ಹುಚ್ಚಿ, ನಿನ್ನ ಹತ್ರ ಏನೂ ಉಳಿಯೂದಿಲ್ಲ."

"ಉಳೀದಿದ್ರೂ ನಡೀತದ್ರಿ."

ಟೀಚರ್ ಶಿಷ್ಯೆಯಂತೆ ಎದುರು ಕೂತರು. ತಿಂಗಳಿಡೀ ಪಾಠ ನಡೆಯಿತು. ಕೆಳಗಿನ ಸ್ವರಗಳೇನೋ ಒಲಿದವು, ಆದರೆ ಮೇಲಿನ ಷಡ್ಜಕ್ಕೆ ಏರುವಾಗ ಮುಪ್ಪಿನ ಉಸಿರು ಸಾಲಲಿಲ್ಲ. ಪ್ರತಿ ಸಲವೂ ಕೆಮ್ಮು ಬಂದು ಅಲ್ಲೇ ನಿಲ್ಲಿಸುತ್ತಿದ್ದರು.

"ಸಾಕು ಬಿಡವ್ವಾ," ಎಂದರು ಕೊನೆಗೊಂದು ದಿನ. "ಇನ್ನ ಅದು ನನ್ನೊಳಗ ಕೂಡ್ರೂದಿಲ್ಲ. ನೀನ ಹಾಡು, ಕೇಳ್ತೀನಿ."

ಶಾಂಭವಿ ಹಾಡಿದಳು. ಟೀಚರ್ ಕಣ್ಣು ಮುಚ್ಚಿ, ಮೊದಲ ಸಲ ಕೇಳುವವರಂತೆ ತಲೆದೂಗಿದರು. ಒಂದು ಸ್ವರವೂ ತಪ್ಪಲಿಲ್ಲ. ಅಷ್ಟು ಚೆನ್ನಾಗಿ ಹಾಡಲು ಬರುತ್ತಿರುವುದಕ್ಕೇ ಅವಳಿಗೆ ನಾಚಿಕೆಯಾಯಿತು.