ಗಾಲಿ ಕುದುರೆ

ಚದುರಂಗದಲ್ಲಿ ಮಂತ್ರಿ ಯಾವುದು, ಒಂಟೆ ಯಾವುದು ಎಂದು ಬಲ್ಲವರನ್ನು ಕೇಳಿಕೊಂಡು ಬಂದು ಈ ಕಥೆ ಹೇಳುತ್ತಿದ್ದೇನೆ. ಹೇಳುವ ಯೋಗ್ಯತೆ ನನಗಿದೆಯೇ ಎಂಬ ಅನುಮಾನ ಈಗಲೂ ಇದೆ. ತಪ್ಪು ಕಂಡರೆ ಆಟ ಬಲ್ಲವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಚನ್ನಪಟ್ಟಣದ ಮೈಸೂರು ರಸ್ತೆಯ ಕಲ್ಯಾಣ ಮಂಟಪದಲ್ಲಿ ಶಾಲಾ ಮಕ್ಕಳ ಅಂತರರಾಷ್ಟ್ರೀಯ ಚದುರಂಗ ಪಂದ್ಯಾವಳಿ ಶುರುವಾಗಬೇಕಿದ್ದ ಬೆಳಿಗ್ಗೆ, ಡ್ರಿಲ್ ಮೇಷ್ಟ್ರು ನಟರಾಜು ಕಾಯಿಗಳ ಡಬ್ಬ ಬಿಚ್ಚಿದವರೇ ಕುರ್ಚಿಗೆ ಕುಸಿದರು. ಅಷ್ಟೂ ಕುದುರೆಗಳಿಗೆ ಚಕ್ರಗಳಿದ್ದವು. ನಮ್ಮೂರಿನ ಮರದ ಕಾಯಿಗಳಲ್ಲೇ ಆಡಿಸುತ್ತೇವೆಂದು ಮಾತು ಕೊಟ್ಟು ಅವರು ಪಂದ್ಯಾವಳಿಯನ್ನು ಬೆಂಗಳೂರಿನಿಂದ ಇಲ್ಲಿಗೆ ತಂದಿದ್ದರು. ಕಾಯಿಗಳ ಬಗ್ಗೆ ಒಂದು ದೂರು ಬಂದರೂ ಎಲ್ಲರನ್ನೂ ಬಸ್ಸು ಹತ್ತಿಸಿ ವಾಪಸ್ ಬೆಂಗಳೂರಿಗೆ ಕರೆದೊಯ್ಯುವುದಾಗಿ ಹಂಗೇರಿಯಿಂದ ಬಂದ ಮುಖ್ಯ ತೀರ್ಪುಗಾರರು ಹಿಂದಿನ ದಿನವೇ ಎಚ್ಚರಿಸಿದ್ದರು.

ಕಾಯಿಗಳನ್ನು ಕಡೆದುಕೊಟ್ಟ ಬೊಂಬೆ ಅಂಗಡಿಯ ವಹಾಬ್‌ಗೆ ತಪ್ಪೇನೆಂದೇ ಅರ್ಥವಾಗಲಿಲ್ಲ. "ಮಕ್ಕಳು ಆಡೋಕೆ ಅಂದ್ರಲ್ಲ ಮೇಷ್ಟ್ರೇ. ನಮ್ಮಪ್ಪನ ಕಾಲದಿಂದ್ಲೂ ಚಕ್ರ ಇಲ್ದಿರೋ ಕುದ್ರೆ ನಮ್ಮ ಅಂಗ್ಡಿ ಬಿಟ್ಟು ಆಚೆ ಹೋಗಿಲ್ಲ."

ಒಂದರ ಚಕ್ರ ಕೀಳಲು ಹೋದರೆ ಕಾಲೇ ಕಿತ್ತು ಬಂತು. ಆಗ ಅಡುಗೆಯ ಕಾವೇರಮ್ಮ ಬಿಸಿ ರಾಗಿ ಮುದ್ದೆಯ ತಟ್ಟೆ ಹಿಡಿದು ಬಂದು, ಒಂದೊಂದೇ ಕುದುರೆಯನ್ನು ಮಗುಚಿ, ಚಕ್ರಗಳ ಸಂದಿಗೆ ಮುದ್ದೆ ಮೆತ್ತಿದಳು. "ನನ್ ಮುದ್ದೆ ಉಂಡೋರೇ ಅಲ್ಲಾಡಕಾಗಲ್ಲ, ಇನ್ ಮರದ್ ಕುದ್ರೆ ಎಲ್ಲೋದದು, ಸುಮ್ಕಿರಿ" ಎಂದಳು.

ಆಟ ಶುರುವಾಯಿತು. ಕುದುರೆಗಳು ವಿನಯದಿಂದ ನಿಂತವು. ಆದರೆ ಮಧ್ಯಾಹ್ನದ ಹೊತ್ತಿಗೆ ಮುದ್ದೆ ಒಣಗಿ ಉದುರತೊಡಗಿತು. ಹೊರಗೆ ರಸ್ತೆ ಅಗಲ ಮಾಡುತ್ತಿದ್ದ ರೋಲರ್ ಗುಡುಗುಡು ಎಂದು ಮಂಟಪದ ಪಕ್ಕಕ್ಕೇ ಬಂತು. ಎಲ್ಲರೂ ಕಿಟಕಿಯತ್ತ ತಿರುಗಿದರು. ಹೊಂಗನೂರಿನ ಕುಸುಮ ಮಾತ್ರ ತಿರುಗಲಿಲ್ಲ. ಸೋಲುವ ಹಂತದಲ್ಲಿದ್ದ ಆಕೆ, ಸರದಿ ತನ್ನದಾದ್ದರಿಂದ, ಮಣೆಯನ್ನೇ ನೋಡುತ್ತಿದ್ದಳು. ಅವಳ ಕುದುರೆ ತಾನಾಗಿ ಹೊರಟು, ಕಾಲಾಳೊಂದಕ್ಕೆ ತಗುಲಿ ಓರೆಯಾಗಿ, ನಿಯಮದ ಪ್ರಕಾರ ಹೋಗಬಹುದಾದ ಮನೆಯಲ್ಲೇ ನಿಂತಿತು. ಎದುರಾಳಿ ವಿಯೆಟ್ನಾಂ ಹುಡುಗ ತಿರುಗಿ ನೋಡಿದಾಗ ಅವನ ರಾಜನಿಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅವನು ಸೋಲೊಪ್ಪಿ ಕೈ ಚಾಚಿದ.

ಕುಸುಮ ಆ ಕೈ ಹಿಡಿಯಲಿಲ್ಲ. ತನ್ನ ಕೈಯನ್ನು ಮೇಲೆತ್ತಿದಳು. ಬಾಗಿಲ ಬಳಿ ನಿಂತಿದ್ದ ನಟರಾಜು, ಇಳಿಸು ಇಳಿಸು ಎಂದು ಕಣ್ಣಲ್ಲೇ ಬೇಡಿಕೊಂಡರು. ಕಂಡರೂ ಅವಳು ಇಳಿಸಲಿಲ್ಲ.

ತೀರ್ಪುಗಾರರು ಗಡಿಯಾರ ನಿಲ್ಲಿಸಿ, ಏನು ದೂರು ಎಂದು ಕೇಳಿದರು. "ನಾ ಮುಟ್ನಿಲ್ಲ ಸಾ, ಕುದ್ರೆನೇ ಹೋಯ್ತು" ಎಂದಳು. ನಟರಾಜು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಕುದುರೆ ತಾನಾಗಿ ನಡೆದದ್ದನ್ನು ತಮ್ಮ ಇಷ್ಟು ವರ್ಷದ ಕೆಲಸದಲ್ಲಿ ಕಂಡಿಲ್ಲವೆಂದರು ತೀರ್ಪುಗಾರರು.

"ಒಸಿ ಇರಿ ಸಾ. ರೋಲರ್ ತಿರುಗ್ಸ್ಕೊಂಡು ಬತ್ತದೆ."

ಎಲ್ಲರೂ ಕಾದರು. ರೋಲರ್ ಬಂತು. ಈ ಸಲ ಮಂಟಪದ ಅಷ್ಟೂ ಮೇಜುಗಳ ಮೇಲೆ, ಅಷ್ಟೂ ದೇಶಗಳ ಮಕ್ಕಳ ಮುಂದೆ, ಕರಿಯ ಬಿಳಿಯ ಕುದುರೆಗಳೆಲ್ಲ ರಾಗಿ ಪುಡಿ ಉದುರಿಸುತ್ತ ನೆಟ್ಟಗೆ ಹೊರಟವು.

ತೀರ್ಪುಗಾರರು ಒಂದನ್ನು ಎತ್ತಿ ಮಗುಚಿದರು. ಒಣ ಮುದ್ದೆಯನ್ನು ಉಗುರಿನಿಂದ ಕೆರೆದು ಮೂಸಿದರು. ನಟರಾಜು ಬಸ್ಸಿಗೆ ಫೋನು ಮಾಡುವುದೋ ಹೇಗೆ ಎಂದು ಯೋಚಿಸುತ್ತಿದ್ದಾಗ, ತೀರ್ಪುಗಾರರು ಕುದುರೆಯನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ತಳ್ಳಿದರು. ಅದು ಓಡಿತು. ಹಿಂದಕ್ಕೆ ತಂದು ಇನ್ನೊಮ್ಮೆ ತಳ್ಳಿದರು. ಆಮೇಲೆ ಕಾವೇರಮ್ಮನನ್ನು ಕರೆಸಿ, ಇನ್ನಷ್ಟು ಮುದ್ದೆ ತರಲು ಹೇಳಿದರು.

ಕಾಯಿಗಳನ್ನು ಹಿಂದಿನ ಜಾಗದಲ್ಲಿಟ್ಟು ಆಟ ಮುಂದುವರಿಸಿದರು. ಕುಸುಮ ಸೋತಳು. ಪಂದ್ಯಾವಳಿ ಮಾತ್ರ ಕೊನೆಯವರೆಗೂ ಚನ್ನಪಟ್ಟಣದಲ್ಲೇ ನಡೆಯಿತು.

ಎಲ್ಲರೂ ಊರಿಗೆ ಹೊರಟ ಮೇಲೆ ನಟರಾಜು, ವಹಾಬ್ ಸೇರಿ ಡಬ್ಬಗಳನ್ನು ತುಂಬಲು ಕುಳಿತರು. ರಾಜ, ಮಂತ್ರಿ, ಆನೆ, ಒಂಟೆ, ಕಾಲಾಳು ಎಲ್ಲವೂ ಸಿಕ್ಕವು. ಒಂದು ಕುದುರೆಯೂ ಸಿಗಲಿಲ್ಲ. ಮಕ್ಕಳು ಒಯ್ದರೋ, ತೀರ್ಪುಗಾರರೂ ಒಯ್ದರೋ, ಇಲ್ಲ ಅವೇ ರೋಲರಿನ ಹಿಂದೆ ಹೊರಟುಹೋದವೋ, ನನಗೆ ಗೊತ್ತಿಲ್ಲ.