ಎಂಬತ್ತೆಂಟು ಪರ್ಸೆಂಟ್

ಪಿಯುಸಿಯಲ್ಲಿ ಐವತ್ತೆರಡು ಪರ್ಸೆಂಟ್ ಎಂದು ನಿಜ ಹೇಳಿ ಎರಡು ಕಾಲೇಜುಗಳಲ್ಲಿ ಮುಖಭಂಗವಾಗಿತ್ತು. ಮೂರನೆಯದರ ಮೆಟ್ಟಿಲು ಹತ್ತುವಾಗಲೇ ಅಮ್ಮ ಮಗಳ ಕಿವಿಯಲ್ಲಿ ಪಿಸುಗುಟ್ಟಿದಳು: "ಇಲ್ಲಿ ನಾನು ಮಾತಾಡ್ತೀನಿ. ನೀನು ಬಾಯಿ ಬಿಟ್ಟೀಯಾ, ಜೋಕೆ!"

ಪ್ರಿನ್ಸಿಪಾಲರು ಕನ್ನಡಕ ಏರಿಸಿದರು. "ಬಿಎಸ್ಸಿಗಾ? ಪರ್ಸೆಂಟ್ ಎಷ್ಟಮ್ಮಾ?"

"ಎಂಬತ್ತೆಂಟು ಸಾರ್," ಎಂದಳು ಅಮ್ಮ. "ಮಾರ್ಕ್ಸ್ ಕಾರ್ಡ್ ಮನೇಲೇ ಮರೆತು ಬಂದ್ಬಿಟ್ವಿ."

"ಹಾಗಾದ್ರೆ ಸೀಟಿಲ್ಲ."

"ಎಂಬತ್ತೆಂಟಕ್ಕೂ ಇಲ್ವಾ ಸಾರ್?"

"ಎಂಬತ್ತೆಂಟಕ್ಕೇ ಇಲ್ಲ! ಇಂಥ ಮಕ್ಕಳು ಇಲ್ಲಿ ಸೇರ್ಕೊಂಡು, ಸಿಇಟಿ ಸೀಟು ಸಿಕ್ಕಿದ ತಕ್ಷಣ ಇಂಜಿನಿಯರಿಂಗಿಗೆ ಓಡ್ಹೋಗ್ತಾರೆ. ಹೋದ ವರ್ಷ ಅರ್ಧ ಕ್ಲಾಸೇ ಖಾಲಿ ಆಯ್ತು. ಕೊನೇವರೆಗೂ ಅಲ್ಲಾಡದೆ ಕೂತ್ಕೊಳ್ಳೋರು ಬೇಕಮ್ಮಾ ನಮಗೆ."

ಮಗಳು ನಗು ತಡೆಯಲು ತುಟಿ ಕಚ್ಚಿಕೊಂಡಳು. ಅಮ್ಮ ಬ್ಯಾಗಿನ ತಳಕ್ಕೆ ಕೈಹಾಕಿ ಮಾರ್ಕ್ಸ್ ಕಾರ್ಡನ್ನು ಎಳೆದು ಮೇಜಿನ ಮೇಲೆ ಇಟ್ಟಳು.

"ಐವತ್ತೆರಡೇ ಸಾರ್! ಫಿಸಿಕ್ಸಲ್ಲಂತೂ ಎರಡು ಸಲ ಡುಮ್ಕಿ ಹೊಡೆದಿದ್ದಾಳೆ!"